ಕಾಲು ಇಂಚಿನ ಗೆರೆಗಳು

ಒಂದು ಬುಧವಾರ ಬೆಳಿಗ್ಗೆ ಮಾಸ್ಟರ್ ಅಂಗಿ ತೊಡಲು ಹೋದರೆ ಬಲಗೈ ತೋಳಿನೊಳಗೆ ಇಳಿಯಲೇ ಇಲ್ಲ. ಅಂಗಿ ಅವರೇ ಕತ್ತರಿಸಿ ಹೊಲಿದುಕೊಂಡದ್ದು. ತೋಳಿನ ಅಳತೆಯಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಕೈಯೇ ಎದೆಯ ಮಟ್ಟಕ್ಕೆ ಬಂದು, ಹೊಸ ಸೇತುವೆ ಕಂಡ ಎತ್ತಿನ ಹಾಗೆ, ಮುಂದೆ ಹೋಗಲೊಲ್ಲೆನೆಂದು ನಿಂತುಬಿಟ್ಟಿತ್ತು.

"ಏನ್ರೀ, ಒಂದೇ ಕೈ ಹಾಕ್ಕೊಂಡು ನಿಂತಿದ್ದೀರಿ?" ಎಂದಳು ಹೆಂಡತಿ.

"ಇನ್ನೊಂದು ಬರ್ತಾ ಇಲ್ಲ."

"ಎಲ್ಲಿಗೆ ಹೋಗಿದೆ?"

ಹಾಗೆ ನಗುತ್ತಲೇ ಬಂದು ತೋಳು ಹಿಡಿದು ಎಳೆದಳು. ಮಾಸ್ಟರ್ ಕೂಗಿದ ಕೂಗಿಗೆ ಕೆಳಗಿನ ಮನೆಯವರು ಕಿಟಕಿ ತೆರೆದು ನೋಡಿದರು. ಆಮೇಲೆ ಇಬ್ಬರೂ ನಗಲಿಲ್ಲ.

ಆಸ್ಪತ್ರೆಯ ಹಿಂಭಾಗದಲ್ಲಿ, ಔಷಧದ ಕೋಣೆ ದಾಟಿದ ಮೇಲೆ, ವ್ಯಾಯಾಮ ಹೇಳಿಕೊಡುವ ಕೋಣೆಯಿತ್ತು. ಅಲ್ಲಿದ್ದ ಫಿಸಿಯೋ ಡಾಕ್ಟರಮ್ಮ ಮೂವತ್ತು ದಾಟದ ಹುಡುಗಿ. ಭುಜವನ್ನು ಮುಟ್ಟಿ, ತಿರುಗಿಸಿ, ಎರಡು ಅಳತೆಪಟ್ಟಿಗಳನ್ನು ಕೀಲು ಹಾಕಿ ಜೋಡಿಸಿದಂಥ ಒಂದು ಸಾಧನವನ್ನು ಪಕ್ಕಕ್ಕಿಟ್ಟು ನೋಡಿ, "ಎಂಬತ್ತು ಡಿಗ್ರಿ" ಎಂದು ಬರೆದುಕೊಂಡಳು.

"ಡಿಗ್ರಿ ನನಗೆ ತಿಳಿಯೋದಿಲ್ಲಮ್ಮ, ಇಂಚಲ್ಲಿ ಹೇಳಿ" ಎಂದರು ಮಾಸ್ಟರ್.

"ಕೈಯನ್ನ ಇಂಚಲ್ಲಿ ಅಳೆಯೋಕಾಗಲ್ಲ. ನೋಡಿ, ಮೂಳೆ ಮುರಿದಿಲ್ಲ, ಏನೂ ಹರಿದಿಲ್ಲ. ಕೀಲಿನ ಸುತ್ತ ಒಂದು ಚೀಲ ಇರುತ್ತೆ. ಅದು ಬಿಗಿದುಕೊಂಡಿದೆ. ಒಗೆದ ಮೇಲೆ ಕುಗ್ಗಿದ ಬಟ್ಟೆ ಅಂದ್ಕೊಳ್ಳಿ."

"ಇಸ್ತ್ರಿ ಹಾಕಿದ್ರೆ ಹಿಗ್ಗುತ್ತಾ?"

"ಇಸ್ತ್ರಿ ಅಲ್ಲ, ವ್ಯಾಯಾಮ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ. ಗೋಡೆಗೆ ಎದುರಾಗಿ ನಿಂತು ಬೆರಳನ್ನ ಜೇಡದ ಹಾಗೆ ಮೇಲಕ್ಕೆ ನಡೆಸಬೇಕು, ಹತ್ತು ಸಲ. ಒಂದು ದಿನವೂ ತಪ್ಪಿಸಬಾರದು. ಆರು ವಾರ ಬಿಟ್ಟು ಬನ್ನಿ."

ತಪ್ಪಿಸಬಾರದು ಎಂಬ ಮಾತು ಕೇಳಿ ಮಾಸ್ಟರಿಗೆ ಒಳಗೊಳಗೇ ನಗು ಬಂತು. ತಪ್ಪಿಸುವವರಿಗೆ ಹೇಳಬೇಕಾದ ಮಾತು ಅದು. ಮೂವತ್ತನಾಲ್ಕು ವರ್ಷ ಅವರು ಒಂದೇ ಅಂಗಡಿಯ ಒಂದೇ ಮೇಜಿನ ಮುಂದೆ, ಒಂದೇ ಜಾಗದಲ್ಲಿ ನಿಂತವರು. ಅವರ ಎರಡು ಪಾದಗಳ ಕೆಳಗಿನ ಹಲಗೆ ಉಳಿದ ಹಲಗೆಗಳಿಗಿಂತ ಸವೆದು ತಗ್ಗಾಗಿತ್ತು.

ಅದು ಸಮವಸ್ತ್ರ ಹೊಲಿಯುವ ಅಂಗಡಿ. ದಾದಿಯರು, ಕಾವಲುಗಾರರು, ಹೋಟೆಲಿನವರು ಎಲ್ಲರ ಬಟ್ಟೆಯೂ ಅಲ್ಲಿ ಆಗುತ್ತಿತ್ತು. ಮಹಡಿಯ ಮೇಲೆ ಹನ್ನೊಂದು ಹೊಲಿಗೆ ಯಂತ್ರಗಳು. ಕೆಳಗೆ ಕತ್ತರಿಸುವ ಮೇಜು. ಐದು ಅಡಿ ಅಗಲದ ಆ ಮೇಜಿನ ಆಚೆ ಬದಿ ಗೋಡೆಗೆ ಒತ್ತಿಕೊಂಡಿತ್ತು. ಈಚೆ ಬದಿಗೂ ಇಸ್ತ್ರಿಯ ಮೇಜಿಗೂ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟೇ ಜಾಗ. ಬಟ್ಟೆಯನ್ನು ಪದರದ ಮೇಲೆ ಪದರ ನಲವತ್ತು ಸಲ ಹಾಸಿ, ಮೇಲಿನ ಪದರದ ಮೇಲೆ ಚಾಕಿನಿಂದ ಗೆರೆ ಎಳೆದು, ಆಮೇಲೆ ಕರೆಂಟಿನ ಕತ್ತರಿಯನ್ನು ಬಲಗೈಯಲ್ಲಿ ಹಿಡಿದು, ಈ ಅಂಚಿನಿಂದ ಗೋಡೆಯ ಅಂಚಿನವರೆಗೆ ನೂಕಿಕೊಂಡು ಹೋಗಬೇಕು. ಗೆರೆ ಬಿಟ್ಟು ಕೂದಲಷ್ಟು ಆಚೀಚೆ ಹೋದರೆ ನಲವತ್ತು ಅಂಗಿ ಕೆಟ್ಟವು ಎಂದೇ ಲೆಕ್ಕ. ಮಾಸ್ಟರ್ ಕೆಡಿಸಿದ್ದು ಇಷ್ಟು ವರ್ಷದಲ್ಲಿ ಎರಡೇ ಸಲ. ಎರಡು ಸಲವೂ ಮಗಳಿಗೆ ಜ್ವರವಿತ್ತು.

ಅಂಗಡಿಯನ್ನು ಈಗ ನೋಡಿಕೊಳ್ಳುತ್ತಿದ್ದವಳು ಹಳೇ ಯಜಮಾನರ ಮಗಳು. ಇದೇ ಮೇಜಿನ ಕೆಳಗೆ ಕೂತು ಚಿಂದಿ ಆರಿಸಿ ಗೊಂಬೆಗೆ ಅಂಗಿ ಹೊಲಿಯುತ್ತಿದ್ದ ಹುಡುಗಿ ಆಕೆ. ನಲವತ್ತಾದರೂ ಎಲ್ಲರೂ ಹಿಂದಿನಿಂದ ಪುಟ್ಟ ಯಜಮಾನಿ ಎಂದೇ ಕರೆಯುತ್ತಿದ್ದರು. ಆಕೆ ಮಾಸ್ಟರನ್ನು ತನ್ನ ಕೋಣೆಗೆ ಕರೆದು ಕೂರಿಸಿ ನೇರವಾಗಿಯೇ ಹೇಳಿದಳು.

"ಮಾಸ್ಟರ್, ಇನ್ನು ಮೂರು ತಿಂಗಳಿಗೆ ಆಸ್ಪತ್ರೆ ಬಟ್ಟೆ ಬರುತ್ತೆ. ಆರುನೂರು ಜೊತೆ. ಅಲ್ಲೀತನಕ ಸಣ್ಣಪುಟ್ಟದ್ದು ನಾನೇ ಕತ್ತರಿಸ್ತೀನಿ, ನೀವು ಕಲಿಸಿದ್ದು ಮರೆತಿಲ್ಲ. ಅಷ್ಟರೊಳಗೆ ಕೈ ಸರಿಹೋದ್ರೆ ಮೇಜು ನಿಮ್ಮದೇ. ಇಲ್ಲದಿದ್ರೆ ಬೇರೆಯವರನ್ನ ತಗೋಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

"ಬೇಜಾರೇನು ಬಂತಮ್ಮಾ. ಬಟ್ಟೆ ಯಾರಿಗೂ ಕಾಯೋದಿಲ್ಲ."

"ಯಾರೇ ಬರಲಿ, ಗುಂಡಿ ಹಚ್ಚೋ ಕಡೆ ನಿಮಗೊಂದು ಕುರ್ಚಿ ಇದ್ದೇ ಇರುತ್ತೆ."

ಈ ಕೊನೆಯ ಮಾತನ್ನು ಆಕೆ ಸಮಾಧಾನಕ್ಕೆಂದು ಹೇಳಿದ್ದು. ಚುಚ್ಚಿದ್ದು ಅದೇ.

ಆ ಸಂಜೆಯೇ ಮಾಸ್ಟರ್ ಮಲಗುವ ಕೋಣೆಯ ಬಾಗಿಲ ಹಿಂದಿನ ಗೋಡೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಒಣಗಲು ಬಿಟ್ಟು, ಅಂಗಡಿಯಿಂದ ತಂದ ನೀಲಿ ಚಾಕನ್ನು ಚಾಕುವಿನಿಂದ ಹೆರೆದು ಚೂಪು ಮಾಡಿಕೊಂಡರು. ಬೆರಳು ನೋವಿಲ್ಲದೆ ಹೋಗುವಷ್ಟು ಹೋಗಿ ನಿಂತಲ್ಲಿ ಒಂದು ಗೆರೆ. ಅದು ಅವರ ಗಲ್ಲದ ನೇರಕ್ಕಿತ್ತು. ಮರುದಿನ ಎದ್ದವರೇ ಟೇಪು ಹಿಡಿದು, ಅದರ ಮೇಲೆ ಕಾಲು ಇಂಚಿಗೆ ಇನ್ನೊಂದು ಗೆರೆ ಎಳೆದರು. ಆಮೇಲೆ ಗೋಡೆಗೆ ಎದುರಾಗಿ ನಿಂತು ಬೆರಳು ನಡೆಸಿದರು. ಹತ್ತನೆಯ ಸಲಕ್ಕೆ ಬೆರಳು ಗೆರೆ ಮುಟ್ಟಿತು. ಅದರ ಮರುದಿನ ಮತ್ತೆ ಕಾಲು ಇಂಚು.

ನೋವಿರಲಿಲ್ಲವೆಂದಲ್ಲ. ಕಣ್ಣಲ್ಲಿ ನೀರು ಬರುವಷ್ಟು ಇತ್ತು. ಆದರೆ ಗೆರೆ ಎಳೆದ ಮೇಲೆ ಅದನ್ನು ಮುಟ್ಟದೆ ಬಿಡುವುದು ಅವರ ಕೈಗೆ ಗೊತ್ತೇ ಇರಲಿಲ್ಲ. ಬೆಳಿಗ್ಗೆ ಐದೂವರೆಗೆ ಗೋಡೆಯ ಮುಂದೆ, ಸಂಜೆ ಏಳಕ್ಕೆ ಗೋಡೆಯ ಮುಂದೆ. ಅದೇ ಹೊತ್ತಿಗೆ ಪಕ್ಕದ ಕೋಣೆಯ ಮೂಲೆಯಲ್ಲಿ ಹೆಂಡತಿ ಕಣ್ಣು ಮುಚ್ಚಿ ಪ್ರಾರ್ಥನೆಗೆ ಕೂತಿರುತ್ತಿದ್ದಳು. ಮದುವೆಯಾದಾಗಿನಿಂದ ಅವಳದು ಅದೇ ಮೂಲೆ, ಅದೇ ಹೊತ್ತು. ಒಂದೊಂದು ದಿನ ಗೋಡೆಯ ಈಚೆ ಕಡೆಯಿಂದ "ಅಮ್ಮಾ!" ಎಂಬ ಕೂಗು ಕೇಳಿಸಿ ಅವಳು ಕಣ್ಣು ಬಿಡದೆಯೇ, "ದೇವರಿಗೆ ಕೇಳಿಸ್ತು, ಸ್ವಲ್ಪ ಮೆಲ್ಲಗೆ" ಎನ್ನುತ್ತಿದ್ದಳು.

ಐದನೆಯ ವಾರಕ್ಕೆ ಗೆರೆಗಳು ಹಣೆ ದಾಟಿದವು. ಅಂಗಡಿಯಲ್ಲಿ ಸುದ್ದಿಯಾಯಿತು. ಇಸ್ತ್ರಿ ಹಾಕುವವನಿಗೆ ಬಿಸಿಯಪ್ಪ ಎಂದು ಹೆಸರಿಟ್ಟಿದ್ದರು. ಕೈಯಲ್ಲಿ ಇರುವುದೂ ಬಿಸಿ, ಬಾಯಲ್ಲಿ ಬರುವುದೂ ಬಿಸಿ. ಅವನು ಎಲ್ಲರ ಮುಂದೆ, "ಗುರುವೇ, ಸುಮ್ಮನೆ ಬಾಯಲ್ಲಿ ಹೇಳಿದ್ರೆ ಆಯ್ತಾ? ಎಲ್ಲಿ, ಆ ಗೋಡೆ ಪಕ್ಕದ ಅಳತೆಕೋಲು ತೆಗೆದುಕೊಡು ನೋಡೋಣ" ಎಂದ.

ಮಾಸ್ಟರ್ ಮೇಜಿನ ಮೇಲೆ ಬಾಗಿ, ಕೈ ಚಾಚಿ, ಉಸಿರು ಹಿಡಿದು, ಕೋಲನ್ನು ಮುಟ್ಟಿ ತೆಗೆದೇಬಿಟ್ಟರು. ಎರಡೇ ಬೆರಳಲ್ಲಿ. ಮೆಟ್ಟಿಲಿನ ಮೇಲೆ ನಿಂತಿದ್ದ ಪುಟ್ಟ ಯಜಮಾನಿ ಚಪ್ಪಾಳೆ ತಟ್ಟಿದಳು. ಬೇರೊಂದು ಊರಿನಿಂದ ಕೆಲಸ ಕೇಳಿಕೊಂಡು ಬಂದಿದ್ದ ಕತ್ತರಿಯವಳೊಬ್ಬಳಿಗೆ ಆ ಮಧ್ಯಾಹ್ನವೇ ಫೋನು ಮಾಡಿ, "ಸದ್ಯಕ್ಕೆ ಬೇಡಮ್ಮಾ, ನಮ್ಮ ಮಾಸ್ಟರ್ ಹುಷಾರಾಗ್ತಾ ಇದ್ದಾರೆ" ಎಂದಳು. ಮಾಸ್ಟರಿಗೆ ಆ ರಾತ್ರಿ ಭುಜ ಕಿತ್ತುಹೋಗುವಂಥ ನೋವು. ಸಂತೋಷದ ಮುಂದೆ ನೋವು ದೊಡ್ಡದೆನಿಸಲಿಲ್ಲ.

ಆರು ವಾರ ತುಂಬಿದ ದಿನ ಅವರು ಗೋಡೆಯ ಮೇಲೆ ಕಂದು ಕಾಗದ ಹಿಡಿದು, ಮೊದಲ ಗೆರೆಯನ್ನೂ ಅದರ ಮೇಲಿನ ನಲವತ್ತೆರಡನ್ನೂ ಅದಕ್ಕೆ ಇಳಿಸಿಕೊಂಡು, ಸುರುಳಿ ಸುತ್ತಿ ಕಂಕುಳಲ್ಲಿಟ್ಟುಕೊಂಡು ಆಸ್ಪತ್ರೆಗೆ ಹೋದರು. ಡಾಕ್ಟರಮ್ಮನ ಮೇಜಿನ ಮೇಲೆ ಬಿಚ್ಚಿ ಹಾಸಿ, ಎರಡು ಕಡೆಗೂ ಭಾರವಿಟ್ಟು, ಕೈ ಕಟ್ಟಿ ನಿಂತರು. ಹತ್ತೂವರೆ ಇಂಚು!

ಡಾಕ್ಟರಮ್ಮ ಬಹಳ ಹೊತ್ತು ನೋಡಿದಳು. ಮೆಚ್ಚಿಕೊಳ್ಳುತ್ತಿದ್ದಾಳೆ ಎಂದುಕೊಂಡರು ಮಾಸ್ಟರ್.

"ಇಷ್ಟು ಸಮನಾಗಿ ಹೇಗೆ ಬಂತು?" ಎಂದಳು ಆಕೆ.

"ಟೇಪು ಹಿಡಿದು ಎಳೆದದ್ದಮ್ಮಾ."

"ಅಲ್ಲ, ಮಾಸ್ಟರೇ. ಕೈ ಹೀಗೆ ದಿನಕ್ಕೆ ಕಾಲು ಇಂಚು ಅಂತ ಏರೋದಿಲ್ಲ. ಒಂದು ದಿನ ಏರುತ್ತೆ, ನಾಲ್ಕು ದಿನ ನಿಲ್ಲುತ್ತೆ, ಒಂದೊಂದು ದಿನ ಕೆಳಗೂ ಬರುತ್ತೆ. ಬೆರಳು ಮುಟ್ಟಿದ ಮೇಲೆ ಗೆರೆ ಹಾಕಿದ್ರಾ, ಮುಂಚೆನೇ ಹಾಕಿದ್ರಾ?"

ಮಾಸ್ಟರಿಗೆ ಪ್ರಶ್ನೆಯೇ ವಿಚಿತ್ರವೆನಿಸಿತು. "ಮುಂಚೆನೇ. ಗೆರೆ ಹಾಕದೆ ಯಾರಾದ್ರೂ ಕತ್ತರಿಸ್ತಾರಾ?"

ಆಕೆ ಅವರನ್ನು ಮಂಚದ ಮೇಲೆ ಅಂಗಾತ ಮಲಗಿಸಿದಳು. ಸೊಂಟದ ಮೇಲೆ ಒಂದು ಪಟ್ಟಿ ಬಿಗಿದಳು. "ಈಗ ಎತ್ತಿ."

ಮಾಸ್ಟರ್ ಎತ್ತಿದರು. ಕೈ ಚಾವಣಿಗೆ ನೇರವಾಗುವ ಮುಂಚೆಯೇ ನಿಂತಿತು. ಮತ್ತೆ ಎತ್ತಿದರು. ಮತ್ತೆ ಅಲ್ಲೇ. ಯಾರೋ ಮೇಲಿನಿಂದ ಅಂಗೈ ಇಟ್ಟು ತಡೆದ ಹಾಗೆ.

"ಎಂಬತ್ತಾರು" ಎಂದು ಬರೆದುಕೊಂಡಳು ಡಾಕ್ಟರಮ್ಮ.

"ಆರು ವಾರಕ್ಕೆ ಆರಾ? ನಾನು ಒಂದು ಹೊತ್ತೂ ತಪ್ಪಿಸಿಲ್ಲಮ್ಮಾ! ಬೇಕಾದ್ರೆ ನಮ್ಮ ಮನೆಯವಳನ್ನ ಕೇಳಿ."

"ನೀವು ತಪ್ಪಿಸಿಲ್ಲ. ಭುಜ ತಪ್ಪಿಸಿಕೊಂಡಿದೆ. ಹಿಮ್ಮಡಿ ಎತ್ತಿದ್ದೀರಿ, ಸೊಂಟ ತಿರುಗಿಸಿದ್ದೀರಿ, ಕತ್ತು ಓರೆ ಮಾಡಿದ್ದೀರಿ. ಮನೆಯವರೆಲ್ಲ ಸೇರಿ ಒಬ್ಬ ಸೋಮಾರಿಯ ಪಾಲಿನ ಕೆಲಸ ಮಾಡಿಕೊಟ್ಟ ಹಾಗೆ." ಆಕೆ ಮೆತ್ತಗೆ ಕೇಳಿದಳು. "ಒಂದು ಭುಜ ತಗ್ಗಿರೋ ಗಿರಾಕಿ ಬಂದ್ರೆ ಅಂಗೀಲಿ ನೀವೇನು ಮಾಡ್ತೀರಿ?"

"ಆ ಕಡೆ ಒಳಗೆ ಸ್ವಲ್ಪ ಹತ್ತಿ ಕೊಟ್ಟು, ಈ ಕಡೆ ಅಂಚು ಸ್ವಲ್ಪ ಒಳಗೆ ತಗೊಂಡು, ತಗ್ಗು ಕಾಣದ ಹಾಗೆ..." ಎಂದು ಶುರುಮಾಡಿದ ಮಾಸ್ಟರ್ ಅಲ್ಲಿಗೇ ನಿಂತರು. ಮುಖಕ್ಕೆ ರಕ್ತ ನುಗ್ಗಿತು. ಐವತ್ತೆಂಟನೆಯ ವಯಸ್ಸಿನಲ್ಲಿ, ಮಗಳಿಗಿಂತ ಚಿಕ್ಕವಳ ಮುಂದೆ, ಮಂಚಕ್ಕೆ ಕಟ್ಟಿಸಿಕೊಂಡು ಮಲಗಿ.

ಹೊಸ ಕ್ರಮ ಸರಳವಾಗಿತ್ತು. ನೆಲದ ಮೇಲೆ ಅಂಗಾತ ಮಲಗಬೇಕು, ಮಂಡಿ ಮಡಚಬೇಕು. ಎಡಗೈಯಿಂದ ಬಲ ಮಣಿಕಟ್ಟು ಹಿಡಿದು ಮೆಲ್ಲಗೆ ತಲೆಯ ಕಡೆಗೆ ಒಯ್ಯಬೇಕು. ನಿಂತಲ್ಲಿ ಹತ್ತು ಉಸಿರು ಇದ್ದು ವಾಪಸು ತರಬೇಕು. ಬೆಳಿಗ್ಗೆ ಹತ್ತು, ಸಂಜೆ ಹತ್ತು.

"ಎಷ್ಟು ಏರಿತು ಅಂತ ಹೇಗೆ ಗೊತ್ತಾಗೋದು?"

"ಗೊತ್ತಾಗೋದು ಬೇಡ. ಚಾಕ್ ಬೇಡ, ಟೇಪು ಬೇಡ. ಆರು ವಾರ ಕಳೆದು ನಾನೇ ನೋಡ್ತೀನಿ."

"ಆರು ವಾರಕ್ಕೆ ಬಟ್ಟೆ ಬರುತ್ತಮ್ಮಾ. ಮೇಜಿನ ಆಚೆ ಅಂಚು ಮುಟ್ಟಲೇಬೇಕು."

"ಮುಟ್ಟಬಹುದು, ಮುಟ್ಟದೇ ಇರಬಹುದು. ಕೆಲವರಿಗೆ ವರ್ಷ ಹಿಡಿಯುತ್ತೆ. ಸುಳ್ಳು ಹೇಳಿ ಕಳಿಸೋದು ನನಗೆ ಬರಲ್ಲ. ಒಂದು ಮಾತ್ರ ಹೇಳ್ತೀನಿ, ಸೊಂಟ ತಿರುಗಿಸಿ ಮೇಜಿನ ಮೇಲೆ ಚಾಚೋದನ್ನ ಇನ್ನು ಮಾಡಬೇಡಿ. ಆಗ ನಿಜವಾಗಿಯೂ ಏನಾದ್ರೂ ಹರಿಯುತ್ತೆ."

ಮನೆಗೆ ಬಂದ ಮಾಸ್ಟರ್ ಗೋಡೆಯನ್ನು ಒರೆಸಿದರು. ಪುಟ್ಟ ಯಜಮಾನಿಗೆ ಹೇಳಬೇಕೆಂದುಕೊಂಡರು, ಹೇಳಲಿಲ್ಲ. ಇನ್ನೂ ಆರು ವಾರ ಇದೆಯಲ್ಲ ಎಂದು ಮನಸ್ಸನ್ನು ಒಪ್ಪಿಸಿದರು. ಹಾಗೆ ಒಪ್ಪಿಸಲು ಹೆಚ್ಚು ಕಷ್ಟವೇನೂ ಆಗಲಿಲ್ಲ.

ನೆಲದ ಮೇಲೆ ಮಲಗಿ ಮಾಡುವ ವ್ಯಾಯಾಮದಲ್ಲಿ ನೋಡುವುದಕ್ಕೆ ಏನೂ ಇರಲಿಲ್ಲ. ಮೇಲೆ ಚಾವಣಿ. ಮಂಚದ ಕೆಳಗೆ ಒಂದು ಹಳೆಯ ಸೂಟ್‌ಕೇಸು, ಮಗಳ ಒಂಟಿ ಚಪ್ಪಲಿ. ನಿನ್ನೆ ಎಲ್ಲಿಗೆ ಬಂದಿತ್ತು, ಇವತ್ತು ಎಲ್ಲಿಗೆ ಬಂತು, ದೇವರಿಗೇ ಗೊತ್ತು. ನಾಲ್ಕು ದಿನ ಮಾಡಿದರು. ಐದನೆಯ ದಿನ ಗಡಿಯಾರ ಹೊಡೆದದ್ದು ಕೇಳಿಸಿತು. ಕೇಳಿಸದವರ ಹಾಗೆ ಮಗ್ಗುಲು ಬದಲಿಸಿದರು. ಸಂಜೆ ನೆಲ ತಣ್ಣಗಿದೆ ಎನಿಸಿತು. ಮರುದಿನ ಬೆಳಿಗ್ಗೆ ಹೆಂಡತಿ ಪ್ರಾರ್ಥನೆಯಿಂದ ಎದ್ದು ಬಂದಾಗ ಅವರಿನ್ನೂ ಹೊದ್ದು ಮಲಗಿದ್ದರು.

"ಇವತ್ತೂ ರಜಾನಾ?" ಎಂದಳು.

"ರಾತ್ರಿ ನಿದ್ದೆ ಇಲ್ಲ."

"ಗೊರಕೆ ಹೊಡೆದದ್ದು ಪಕ್ಕದ ಮನೆಯವರಾ ಹಾಗಾದ್ರೆ?"

ಮೂರು ದಿನ ಹೀಗೇ ಹೋಯಿತು. ನಾಲ್ಕನೆಯ ದಿನ ಭಾನುವಾರ. ಮಾಸ್ಟರಿಗೆ ತಮ್ಮ ಮೇಲೇ ಸಿಟ್ಟು ಬಂತು. ಅಂಗಡಿಯಲ್ಲಿ ಕೆಲಸ ಹಿಂದೆ ಬಿದ್ದರೆ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು: ಬಾಕಿಯೆಲ್ಲ ಒಂದೇ ದಿನಕ್ಕೆ ತೀರಿಸಲು ಕೂತರು. ಮೂರು ದಿನದ ಅರವತ್ತು, ಇವತ್ತಿನ ಇಪ್ಪತ್ತು. ಮಧ್ಯಾಹ್ನದ ಹೊತ್ತಿಗೆ ಐವತ್ತಾಯಿತು. ಐವತ್ತೊಂದನೆಯದಕ್ಕೆ ಭುಜದೊಳಗೆ ಕಾದ ಸೂಜಿ ಮುರಿದ ಹಾಗಾಗಿ, ಮಲಗಿದವರಿಗೆ ಏಳಲಾಗಲಿಲ್ಲ. ಹೆಂಡತಿ ಬಂದು ಕತ್ತಿನ ಕೆಳಗೆ ಕೈ ಕೊಟ್ಟು ಎಬ್ಬಿಸಿದಳು. ರಾತ್ರಿ ಊಟಕ್ಕೆ ಕೂತಾಗ ಚಮಚ ಬಾಯಿಗೆ ಮುಟ್ಟಲಿಲ್ಲ. ಅವಳೇ ಉಣಿಸಿದಳು.

"ದೊಡ್ಡದಾಗಿ ಬಾಯಿ ತೆಗೀರಿ. ಮಾತಾಡೋವಾಗ ತೆಗೀತೀರಲ್ಲ, ಹಾಗೆ."

ಎರಡು ತುತ್ತು ಆದ ಮೇಲೆ ಅವರಾಗಿಯೇ ಕೇಳಿದರು.

"ನೀನು ದಿನಾ ಕೂತ್ಕೋತೀಯಲ್ಲ, ಮೂಲೇಲಿ. ಏನು ಬೇಡ್ಕೋತೀಯ?"

ಮೂವತ್ತೊಂದು ವರ್ಷದಲ್ಲಿ ಅವರು ಇದನ್ನು ಕೇಳಿರಲಿಲ್ಲ. ಅವಳು ಚಮಚವನ್ನು ತಟ್ಟೆಯ ಅಂಚಿಗೆ ಒರಗಿಸಿ ಯೋಚಿಸಿದಳು.

"ಮೊದಮೊದಲು ಬೇಡ್ಕೋತಿದ್ದೆ. ಪಟ್ಟಿ ಉದ್ದ ಇತ್ತು."

"ಕೊಟ್ಟನಾ?"

"ಕೆಲವು ಕೊಟ್ಟ. ಮದುವೆಗೆ ಮುಂಚೆ ಎತ್ತರದ ಗಂಡ ಬೇಕು ಅಂತ ಕೇಳಿದ್ದೆ, ಅದನ್ನ ಕೊಡಲಿಲ್ಲ." ಅವಳು ನಕ್ಕಳು. "ಆಮೇಲಾಮೇಲೆ ಪಟ್ಟಿ ಓದೋದೇ ಮರೆತುಹೋಯ್ತು. ಈಗ ಸುಮ್ಮನೆ ಕೂತ್ಕೋತೀನಿ ಅಷ್ಟೆ."

"ಏನೂ ಸಿಗದೆ?"

"ಕೂತದ್ದು ಸಿಕ್ತಲ್ಲ."

"ಯಾವತ್ತಾದ್ರೂ ತಪ್ಪಿಸಿದ್ದೀಯಾ?"

"ಬೇಕಾದಷ್ಟು ಸಲ. ಮಗು ಹುಟ್ಟಿದಾಗ ತಿಂಗಳೇ ಕೂರಲಿಲ್ಲ. ಅಮ್ಮ ಹೋದ ಮೇಲೆ ಸಿಟ್ಟು ಮಾಡ್ಕೊಂಡು ಬಿಟ್ಟಿದ್ದೆ, ನಿಮಗೆ ಗೊತ್ತೇ ಆಗಲಿಲ್ಲ. ಆಮೇಲೆ ಒಂದು ದಿನ ಎದ್ದು ಹೋಗಿ ಕೂತೆ. ಆದ್ರೆ ಬಿಟ್ಟ ದಿನಗಳದ್ದೆಲ್ಲ ಒಟ್ಟು ಸೇರಿಸಿ ಇಡೀ ದಿನ ಕೂರೋಕೆ ಹೋಗಲಿಲ್ಲಪ್ಪ, ನಿಮ್ಮ ಹಾಗೆ. ಆ ದಿನದ್ದು ಆ ದಿನಕ್ಕೆ. ಹೋದದ್ದು ಹೋಯ್ತು. ಬಾಯಿ ತೆಗೀರಿ, ಆರಿಹೋಗ್ತಿದೆ."

ಎರಡು ದಿನ ಕೈಗೆ ವಿಶ್ರಾಂತಿ ಬೇಕಾಯಿತು. ಮೂರನೆಯ ಬೆಳಿಗ್ಗೆ ಐದೂವರೆಗೆ ಮಾಸ್ಟರ್ ನೆಲದ ಮೇಲೆ ಒಂದು ಹಳೆಯ ಕಂಬಳಿ ಹಾಸಿ ಮಲಗಿದರು. ಹತ್ತು ಮಾಡಿದರು. ಹನ್ನೊಂದನೆಯದು ಮಾಡಬೇಕೆಂದು ಆಸೆಯಾಯಿತು, ಮಾಡಲಿಲ್ಲ. ಸಂಜೆ ಮತ್ತೆ ಹತ್ತು. ಒಂದು ಸಂಜೆ ಮನೆಗೆ ಬಂದವರು ಹೋಗುವುದು ತಡವಾಗಿ ತಪ್ಪಿತು. ಮರುದಿನ ಹತ್ತೇ ಮಾಡಿದರು. ಹೊಸ ವಿಷಯವೇನೂ ನಡೆಯಲಿಲ್ಲ. ಹೀಗೆ ದಿನ ಕಳೆದದ್ದನ್ನು ಕತೆಯಾಗಿ ಹೇಳುವವರಿಗೆ ಹೇಳಲು ಏನೂ ಉಳಿಯುವುದಿಲ್ಲ. ಆದರೆ ಮನುಷ್ಯನ ಆಯುಷ್ಯದ ಹೆಚ್ಚು ಭಾಗ ಇಂಥ ದಿನಗಳದ್ದೇ. ಅವನ್ನು ಕೊಟ್ಟವನು ಅವನ್ನೂ ಎಣಿಸಿಯೇ ಕೊಟ್ಟಿರುತ್ತಾನೆ.

ಒಂದು ಬೆಳಿಗ್ಗೆ ಅಂಗಿ ತೊಡುವಾಗ ಬಲಗೈ ತೋಳಿನೊಳಗೆ ಇಳಿದದ್ದನ್ನು ಮಾಸ್ಟರ್ ಗಮನಿಸಲಿಲ್ಲ. ಗುಂಡಿಗಳೆಲ್ಲ ಹಾಕಿ ಮುಗಿದ ಮೇಲೆ, ಬೀದಿಯ ತಿರುವಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಾಗ ಅದು ಹೊಳೆಯಿತು.

ಬಟ್ಟೆ ಬಂದದ್ದು ಸೋಮವಾರ. ಅದಕ್ಕೆ ಮೂರು ದಿನ ಮುಂಚೆ ಡಾಕ್ಟರಮ್ಮ ಅಳೆದು ನೂರ ಹದಿನೆಂಟು ಎಂದು ಬರೆದುಕೊಂಡಿದ್ದಳು. "ಚೆನ್ನಾಗಿದೆ. ಇದು ಭುಜದ್ದೇ ಸಂಪಾದನೆ" ಎಂದಿದ್ದಳು. ಮೇಜಿಗೆ ಸಾಕಾ ಎಂದು ಕೇಳಿದ್ದಕ್ಕೆ, ಮೇಜನ್ನು ನಾನು ನೋಡಿಲ್ಲವಲ್ಲ ಎಂದಳು.

ತಿಳಿ ಹಸಿರು ಬಟ್ಟೆಯ ಇಪ್ಪತ್ತು ಸುರುಳಿಗಳು ಬಾಗಿಲಲ್ಲಿ ಇಳಿದವು. ಇಬ್ಬರು ಆಳುಗಳು ಮೇಜಿನ ಎರಡು ತುದಿಯಲ್ಲಿ ನಿಂತು ನಲವತ್ತು ಪದರ ಹಾಸಿ ಅಂಚು ಸರಿಮಾಡಿದರು. ಮೇಲಿನಿಂದ ಹೊಲಿಯುವವರು ನಾಲ್ಕೈದು ಜನ ಕೆಲಸ ಬಿಟ್ಟು ಮೆಟ್ಟಿಲ ಮೇಲೆ ಬಂದು ನಿಂತಿದ್ದರು. ಗುಂಡಿ ಹಚ್ಚುವವಳು ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದಳು. ಪುಟ್ಟ ಯಜಮಾನಿ ಅಳತೆಕೋಲನ್ನು ತಾನೇ ತಂದು ಕೊಟ್ಟಳು.

"ಬನ್ನಿ ಮಾಸ್ಟರ್. ನಿಮ್ಮ ಜಾಗ."

ಮಾಸ್ಟರ್ ಸವೆದ ಹಲಗೆಯ ಮೇಲೆ ಪಾದ ಇಟ್ಟರು. ಎರಡೂ ಹಿಮ್ಮಡಿ ಊರಿ ನಿಂತರು. ಕತ್ತರಿಯ ಯಂತ್ರವನ್ನು ಚಾಲೂ ಮಾಡದೆಯೇ ಕೈಯಲ್ಲಿ ಹಿಡಿದು, ಈಚೆ ಅಂಚಿನಿಂದ ಗೋಡೆಯ ಕಡೆಗೆ ನೂಕಿ ನೋಡಿದರು. ಕೈ ಸಲೀಸಾಗಿ ಹೋಯಿತು. ಮೇಜಿನ ಮಧ್ಯ ದಾಟಿತು. ಇನ್ನೂ ಹೋಯಿತು. ಗೋಡೆಯ ಅಂಚಿಗೆ ಒಂದು ಗೇಣು ಉಳಿದಾಗ ನಿಂತಿತು.

ಹಿಂದೆ ಇಸ್ತ್ರಿಯ ಮೇಜಿನಿಂದ ಬಿಸಿಯಪ್ಪ ಪಿಸುಗುಟ್ಟಿದ.

"ಗುರುವೇ, ಹಿಮ್ಮಡಿ ಎತ್ತು. ಸೊಂಟ ಸ್ವಲ್ಪ ಕೊಡು, ಬರುತ್ತೆ!"

ಬರುತ್ತದೆಂದು ಮಾಸ್ಟರಿಗೂ ಗೊತ್ತಿತ್ತು. ಏಳೆಂಟು ವಾರ ಹಿಂದೆ ಬಂದಿತ್ತು. ಈಗಂತೂ ಇನ್ನೂ ಸುಲಭ. ಇವತ್ತು ಒಂದು ಸಲ, ಎಲ್ಲರ ಕಣ್ಣ ಮುಂದೆ, ಮುಟ್ಟಿಬಿಟ್ಟರೆ ಮೇಜು ತನ್ನದು. ಬಲಗಾಲಿನ ಹಿಮ್ಮಡಿ ಹಲಗೆಯಿಂದ ಬಿಡುಗಡೆಯಾಗಲು ತಾನೇ ತಾನಾಗಿ ಹವಣಿಸುತ್ತಿರುವುದು ಅವರಿಗೆ ತಿಳಿಯಿತು. ಅವರು ಅದನ್ನು ಮತ್ತೆ ಕೆಳಗೆ ಊರಿದರು.

"ಇಷ್ಟೇ ಅಮ್ಮಾ" ಎಂದರು.

"ಅವತ್ತು ಮುಟ್ಟಿದ್ರಲ್ಲ, ಮಾಸ್ಟರ್? ನಾನೇ ನೋಡಿದೆ."

"ಅವತ್ತು ಮುಟ್ಟಿದ್ದು ಸೊಂಟ. ನನಗೂ ಆಗ ಗೊತ್ತಿರಲಿಲ್ಲ. ಆಮೇಲೆ ಗೊತ್ತಾಯ್ತು, ನಿಮಗೆ ಹೇಳಲಿಲ್ಲ. ಅದು ನನ್ನ ತಪ್ಪು."

"ಇವತ್ತೂ ಹಾಗೇ ಒಂದು ಸಲ..."

"ಒಂದು ಸಲ ಆಗುತ್ತೆ. ಆರುನೂರು ಜೊತೆಗೆ ಆಗಲ್ಲ. ಮೈ ಓರೆ ಆದ್ರೆ ಕತ್ತರಿ ಓರೆ ಆಗುತ್ತೆ. ಮೇಲಿನ ಪದರ ಗೆರೆ ಮೇಲೆ ಇರುತ್ತೆ, ಕೆಳಗಿನದು ಎಲ್ಲೋ ಇರುತ್ತೆ. ಇವತ್ತು ಗೊತ್ತಾಗಲ್ಲ, ಹೊಲಿಯೋರಿಗೆ ಗೊತ್ತಾಗುತ್ತೆ."

ಪುಟ್ಟ ಯಜಮಾನಿ ಬಟ್ಟೆಯ ಅಂಚನ್ನು ಹೆಬ್ಬೆರಳಿಂದ ತೀಡುತ್ತಾ ನಿಂತಳು. ಅಪ್ಪನ ಕಾಲದಿಂದ ಆಕೆಗೆ ಆ ಅಭ್ಯಾಸ. "ಇನ್ನು ಎಷ್ಟು ದಿನ ಬೇಕಾಗುತ್ತೆ?"

"ಗೊತ್ತಿಲ್ಲಮ್ಮಾ."

"ಹೇಳಿ, ಅಂದಾಜಿಗಾದ್ರೂ. ಒಂದು ತಿಂಗಳು ಅಂದ್ರೆ ಆಸ್ಪತ್ರೆಯವರನ್ನ ಕೇಳಿ ನೋಡ್ತೀನಿ."

ಒಂದು ತಿಂಗಳು ಎಂದು ಬಾಯಿಗೆ ಬಂದಿತ್ತು. ಮಾಸ್ಟರ್ ತಲೆಯಾಡಿಸಿದರು. "ಅಂದಾಜು ಹೇಳಿದ್ರೆ ಅದಕ್ಕೆ ಸರಿಯಾಗಿ ಕೈ ಬರಬೇಕು ಅಂತ ಮತ್ತೆ ಹಟ ಹಿಡೀತೀನಿ. ಬೇಡ. ಅವತ್ತು ಬೇಡ ಅಂದ್ರಲ್ಲ, ಆ ಕತ್ತರಿ ಹುಡುಗೀನ ಕರೆಸಿ."

ಆಕೆ ಕರೆಸಿದಳು. ಬೈಯಲಿಲ್ಲ, ಬೆನ್ನೂ ತಟ್ಟಲಿಲ್ಲ. ಫೋನು ಹಿಡಿದು ಮೆಟ್ಟಿಲೇರಿ ಹೋದಳು. ಮಧ್ಯಾಹ್ನದ ಬಸ್ಸಿಗೆ ಕತ್ತರಿಯವಳು ಬಂದಳು. ಮೂವತ್ತೈದರ ಆಸುಪಾಸಿನ ಎತ್ತರದ ಹೆಣ್ಣು, ತನ್ನದೇ ಚಾಕಿನ ಡಬ್ಬಿ ತಂದಿದ್ದಳು. ಮೇಜಿನ ಮುಂದೆ ನಿಂತವಳು ಕಾಲ ಕೆಳಗಿನ ತಗ್ಗನ್ನು ನೋಡಿ, "ಇಲ್ಲಿ ನಿಂತ್ರೆ ನಾನು ಕುಳ್ಳಿ ಆಗ್ತೀನಲ್ಲ" ಎಂದಳು. ಯಾರೋ ನಕ್ಕರು. ಮಾಸ್ಟರ್ ಅವಳಿಗೆ ಒಂದೇ ಮಾತು ಹೇಳಿದರು: ಈ ಬಟ್ಟೆ ಅಡ್ಡಕ್ಕೆ ಎಳೆದರೆ ಹಿಗ್ಗುತ್ತದೆ, ಹಾಸಿದ ಮೇಲೆ ಒಂದು ಗಂಟೆ ಬಿಟ್ಟು ಕತ್ತರಿಸು. ಅವಳು ತಲೆದೂಗಿ ಗಡಿಯಾರ ನೋಡಿಕೊಂಡಳು.

ಗುಂಡಿ ಹಚ್ಚುವವಳು ಪಕ್ಕದ ಕುರ್ಚಿಯ ಮೇಲಿದ್ದ ದಾರದ ಬುಟ್ಟಿಯನ್ನು ಎತ್ತಿ ಕೆಳಗಿಟ್ಟಳು.

"ಬಾ ಮಾಸ್ಟರ್, ಕೂತ್ಕೋ. ಇಲ್ಲಿ ಕೈ ಎತ್ತೋ ಹಾಗೇ ಇಲ್ಲ. ಬರೀ ನಾಲಿಗೆ ಎತ್ತಿದ್ರೆ ಸಾಕು."

"ಅದು ನಿನಗೆ ಅಭ್ಯಾಸ ಇದೆ. ನಾನು ಕಲೀಬೇಕು."

"ಕಲಿಸ್ತೀನಿ. ಮೊದಲು ಸೂಜಿಗೆ ದಾರ ಪೋಣಿಸು, ನನಗೆ ಕಣ್ಣು ಕಾಣಲ್ಲ."

ಅವರು ಪೋಣಿಸಿದರು. ಸಂಜೆಯವರೆಗೆ ನೂರ ಮೂವತ್ತು ಗುಂಡಿ ಹಚ್ಚಿದರು. ಆಚೆ ಬದಿಯಲ್ಲಿ ಯಂತ್ರದ ಕತ್ತರಿ ಗುಂಯ್ ಎನ್ನುತ್ತಿತ್ತು. ಅದು ಗೋಡೆಯ ಅಂಚಿನವರೆಗೆ ಹೋಗಿ ಸದ್ದು ಬದಲಿಸಿದಾಗಲೆಲ್ಲ ಮಾಸ್ಟರ್ ತಲೆ ಎತ್ತದಿರಲು ಪ್ರಯತ್ನಪಟ್ಟರು. ಎರಡು ಸಲ ಎತ್ತಿದರು. ಹುಡುಗಿಯ ಕೈ ಒಳ್ಳೆಯದಿತ್ತು.

ಆ ರಾತ್ರಿ ಮನೆಯಲ್ಲಿ ಮಾಸ್ಟರ್ ನಡೆದದ್ದನ್ನು ಹೇಳಿದರು. ಹೆಂಡತಿ ಕೇಳಿದಳು. ಮಲಗುವ ಮುಂಚೆ ಅವಳು ಕಂಬಳಿಯನ್ನು ಮಡಚಿ ಒಳಗಿಡಲೋ ಬೇಡವೋ ಎಂದು ಕೈಯಲ್ಲಿ ಹಿಡಿದು ನಿಂತಳು. ಕೊನೆಗೆ ಇದ್ದಲ್ಲೇ ಬಿಟ್ಟಳು.

ಬೆಳಿಗ್ಗೆ ಐದೂವರೆಗೆ ಗಡಿಯಾರ ಹೊಡೆಯಿತು. ಮಾಸ್ಟರ್ ಕಣ್ಣು ಬಿಟ್ಟು ಸ್ವಲ್ಪ ಹೊತ್ತು ಮಲಗಿಯೇ ಇದ್ದರು. ಇವತ್ತಿನಿಂದ ಯಾವ ತಾರೀಕೂ ಇಲ್ಲ. ಬರಬೇಕಾದ ಬಟ್ಟೆ ಬಂದಾಯಿತು. ಮುಟ್ಟಬೇಕಾದ ಅಂಚನ್ನು ಇನ್ನೊಬ್ಬಳು ಮುಟ್ಟುತ್ತಿದ್ದಾಳೆ. ಎದ್ದರೂ ಯಾರೂ ಕೇಳುವುದಿಲ್ಲ, ಏಳದಿದ್ದರೂ ಕೇಳುವುದಿಲ್ಲ.

ಹೆಂಡತಿ ಮೂಲೆಗೆ ಹೋಗುತ್ತಾ ಬಾಗಿಲಲ್ಲಿ ನಿಂತು ನೋಡಿದಳು.

ಮಾಸ್ಟರ್ ಮಂಚದಿಂದ ಇಳಿದು ಕಂಬಳಿಯ ಮೇಲೆ ಅಂಗಾತ ಮಲಗಿ ಮಂಡಿ ಮಡಚಿದರು. ಎಡಗೈಯಿಂದ ಬಲ ಮಣಿಕಟ್ಟು ಹಿಡಿದರು. ಕೈ ಮೆಲ್ಲಗೆ ಎದೆಯ ಮೇಲಿಂದ ಎದ್ದು, ಚಾವಣಿಗೆ ನೇರವಾಗಿ, ತಲೆಯ ಕಡೆಗೆ ವಾಲಿತು. ಒಂದು ಕಡೆ ನಿಂತಿತು. ನಿನ್ನೆಗಿಂತ ಹಿಂದೆಯೋ ಮುಂದೆಯೋ ಅವರು ನೋಡಲಿಲ್ಲ. ಅಲ್ಲೇ ಇದ್ದುಕೊಂಡು ಉಸಿರು ಎಣಿಸತೊಡಗಿದರು. ಪಕ್ಕದ ಕೋಣೆಯಲ್ಲಿ ಹೆಂಡತಿ ನೆಲಕ್ಕೆ ಕೂತ ಸದ್ದಾಯಿತು.